ವಜ್ರಗ್ರಹದ ಕಥನ: ಊಹೆಯು ಐತಿಹ್ಯವಾಗುವ ಬಗೆ

ಯಾರೂ ಕಾಣದ ನಾಡಿನ ವರ್ಣನೆ ಜನಪದ ಕಥೆಗಳಿಗೆ ಹೊಸತಲ್ಲ. ಏಳು ಸಮುದ್ರಗಳಾಚೆಯ ದ್ವೀಪದಲ್ಲಿ ಮುತ್ತುರತ್ನಗಳ ರಾಶಿಯಿದೆ ಎಂಬಂತಹ ಆಶಯಗಳು ಹಲವು ಭಾಷೆಗಳ ಕಥೆಗಳಲ್ಲಿ ದೊರೆಯುತ್ತವೆ. ವಿಜ್ಞಾನಯುಗದಲ್ಲಿ ಈ ಆಶಯ ಅಳಿಯಿತೆ ಅಥವಾ ನೆಲೆ ಬದಲಿಸಿತೆ ಎಂಬ ಪ್ರಶ್ನೆಯನ್ನು ‘55 ಕ್ಯಾಂಕ್ರಿ ಇ’ ಎಂಬ ಗ್ರಹದ ಕಥನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ಕಾಟಕ ರಾಶಿಯಲ್ಲಿ, ನಮ್ಮಿಂದ ಸುಮಾರು 41 ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನನ್ನು ಹೋಲುವ ನಕ್ಷತ್ರವೊಂದಿದೆ. 2004ರಲ್ಲಿ ಪತ್ತೆಯಾದ ಈ ಗ್ರಹವು ಅದನ್ನು 18 ಗಂಟೆಗಳೊಳಗೆ ಒಂದು ಸುತ್ತು ಬರುತ್ತದೆ. ಎಂದರೆ ಅಲ್ಲಿಯ ಒಂದು ವರ್ಷ ನಮ್ಮ ಒಂದು ದಿನಕ್ಕಿಂತ ಚಿಕ್ಕದು. ಅದರ ವ್ಯಾಸ ಭೂಮಿಯ ಸುಮಾರು ಎರಡರಷ್ಟು, ದ್ರವ್ಯರಾಶಿ ಸುಮಾರು ಎಂಟರಷ್ಟು. ಅದನ್ನು ಯಾರೂ ನೇರವಾಗಿ ಕಂಡಿಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನೂ, ಗ್ರಹವು ಎದುರು ಹಾಯುವಾಗ ನಕ್ಷತ್ರದ ಬೆಳಕು ತುಸು ಕುಂದುವುದನ್ನೂ ಅಳೆದು ಇಷ್ಟನ್ನು ತಿಳಿಯಲಾಗಿದೆ. ಅದರ ಚಿತ್ರಗಳೆಲ್ಲವೂ ಕಲಾವಿದರ ಕಲ್ಪನೆಗಳೇ.

2012ರಲ್ಲಿ, ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಒಂದು ಊಹೆಯನ್ನು ಮಂಡಿಸಿದರು. ನಕ್ಷತ್ರದಲ್ಲಿ ಆಮ್ಲಜನಕಕ್ಕಿಂತ ಇಂಗಾಲ ಹೆಚ್ಚಾಗಿದ್ದು, ಗ್ರಹವೂ ಅಂತಹ ದ್ರವ್ಯದಿಂದಲೇ ರೂಪುಗೊಂಡಿದ್ದರೆ, ಅದರ ದ್ರವ್ಯರಾಶಿಯ ಮೂರನೆಯ ಒಂದು ಭಾಗದಷ್ಟು ವಜ್ರವಿರಬಹುದು ಎಂಬುದು ಅದರ ಸಾರ. ‘ಇದ್ದರೆ’, ‘ಇರಬಹುದು’ ಎಂಬ ಎರಡು ಪದಗಳು ಈ ಮಾತಿನ ಊರುಗೋಲುಗಳು. ಸುದ್ದಿ ಹರಡಿದಂತೆ ಇವೆರಡೂ ಕಳಚಿದವು. ‘ವಜ್ರಗ್ರಹ’ ಎಂಬ ಹೆಸರು ಉಳಿಯಿತು. ಅದಕ್ಕೆ ಬೆಲೆ ಕಟ್ಟುವ ಲೆಕ್ಕಗಳೂ ಹುಟ್ಟಿಕೊಂಡವು.

2013ರ ಮರುವಿಶ್ಲೇಷಣೆಯು ನಕ್ಷತ್ರದಲ್ಲಿ ಇಂಗಾಲವೇ ಆಮ್ಲಜನಕಕ್ಕಿಂತ ಕಡಿಮೆಯೆಂದು ಸೂಚಿಸಿ ಊಹೆಯ ಬುನಾದಿಯನ್ನು ಸಡಿಲಗೊಳಿಸಿತು. ಜೇಮ್ಸ್ ವೆಬ್ ದೂರದರ್ಶಕದ ಅವಲೋಕನಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು ಕರಗಿದ ಶಿಲೆಯ ಮೇಲೆ ಇಂಗಾಲದ ಆಕ್ಸೈಡುಗಳಿರುವ ವಾತಾವರಣದ ಸುಳಿವನ್ನು ನೀಡಿತು. ಹಗಲಿನ ಬದಿಯ ಉಷ್ಣತೆ ಸುಮಾರು 1,540 ಡಿಗ್ರಿ ಸೆಲ್ಸಿಯಸ್. ಆದರೂ ವಜ್ರದ ಕಥನ ಅಳಿಯಲಿಲ್ಲ. 2015ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಸಾರ್ವಜನಿಕ ಮತದಾನದ ಮೂಲಕ ನೀಡಿದ ‘ಜಾನ್ಸೆನ್’ ಎಂಬ ಹೆಸರಿಗಿಂತ ಜನರ ನೆನಪಿನಲ್ಲಿ ನಿಂತದ್ದು ‘ವಜ್ರಗ್ರಹ’ವೇ.

ಐತಿಹ್ಯವು ಸ್ಥಳದ ಹೆಸರು, ಅಂಕಿ, ನಂಬಲರ್ಹ ಸಾಕ್ಷಿ ಇವುಗಳ ಬಲದಿಂದ ನಿಜವೆಂದು ಹೇಳಲ್ಪಡುವ ಕಥನ. ಇಲ್ಲಿ ನಕ್ಷತ್ರದ ಹೆಸರು, ‘ಮೂರನೆಯ ಒಂದು ಭಾಗ’ ಎಂಬ ಪ್ರಮಾಣ, ವಿಶ್ವವಿದ್ಯಾಲಯದ ಹಿರಿಮೆ ಆ ಕೆಲಸವನ್ನೇ ಮಾಡಿವೆ. ಹೊಸ ಪುರಾವೆಗಳು ಬಂದ ಮೇಲೂ ಕಥನ ಉಳಿದದ್ದು ರತ್ನದ್ವೀಪದ ಹಳೆಯ ಆಶಯದೊಡನೆ ಅದಕ್ಕಿರುವ ನಂಟಿನಿಂದ ಎನ್ನಬಹುದು.

ಕಾಣದ ಲೋಕವನ್ನು ಕಲ್ಪನೆಯ ನೆರವಿಲ್ಲದೆ ಚಿತ್ರಿಸಲಾಗದು. ವಿಜ್ಞಾನಕ್ಕೂ ಅದು ಬೇಕು. ಆದರೆ ವಿಜ್ಞಾನಿ ಪುರಾವೆ ಬದಲಾದಂತೆ ತನ್ನ ಕಥನವನ್ನು ತಿದ್ದುತ್ತಾನೆ, ಐತಿಹ್ಯ ತಿದ್ದಿಕೊಳ್ಳುವುದಿಲ್ಲ. ಆದ್ದರಿಂದ ಇಂತಹ ಕಥನಗಳನ್ನು ಸಂಗ್ರಹಿಸುವವರು ಮೂಲರೂಪವನ್ನೂ ಪಾಠಾಂತರಗಳನ್ನೂ ಕಾಲಸಹಿತ ದಾಖಲಿಸುವುದು ಅಗತ್ಯ. ‘ಬಹುದು’ ಎಂಬ ಪದ ಯಾವ ಹಂತದಲ್ಲಿ ಕಳಚಿತೆಂಬುದನ್ನು ಗುರುತಿಸಿದರೆ, ಊಹೆಯೊಂದು ಐತಿಹ್ಯವಾದ ಗಳಿಗೆ ನಮಗೆ ದೊರೆತಂತೆ.