ಕಾಪಿ ಆಯ್ತು ಅಂದ್ರೂ ಪೆನ್‌ಡ್ರೈವ್ ಕೀಳಬೇಡಿ: ಮೆಮೊರಿಯ ಸಾಲದ ಲೆಕ್ಕ

ಇವತ್ತು ನನ್ನದೇ ಒಂದು ಪೆದ್ದುತನದಿಂದ ಶುರು ಮಾಡ್ತೀನಿ.

ಅಕ್ಕನ ಮದುವೆಯಲ್ಲಿ ಅಜ್ಜಿ ಸೋಬಾನೆ ಹಾಡಿದ್ದನ್ನು ನಾನೇ ವಿಡಿಯೋ ಮಾಡಿದ್ದೆ. ಸುಮಾರು ಅರ್ಧ ಜಿಬಿ. ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಹಾಕಿದರೆ ಕಣ್ಣು ಮಿಟುಕಿಸೋದರಲ್ಲಿ ಕಾಪಿ ಆಯ್ತು ಅಂತ ತೋರಿಸ್ತು. ಕಿತ್ತು ಜೇಬಿಗೆ ಹಾಕಿಕೊಂಡೆ. ಜಾಗ ಬೇಕು ಅಂತ ಲ್ಯಾಪ್‌ಟಾಪ್‌ನಲ್ಲಿದ್ದದ್ದನ್ನು ಡಿಲೀಟ್ ಬೇರೆ ಮಾಡಿದೆ. ಊರಲ್ಲಿ ಎಲ್ಲರೂ ಟಿವಿ ಮುಂದೆ ಕೂತರೆ ವಿಡಿಯೋ ಓಪನ್ನೇ ಆಗ್ಲಿಲ್ಲ.

ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತಾ? ಪೂರ್ತಿ ಸುಳ್ಳಲ್ಲ. ಒಂದು ದರ್ಶಿನಿ ನೆನೆಸಿಕೊಳ್ಳಿ. ಐವತ್ತು ದೋಸೆ ಪಾರ್ಸಲ್ ಹೇಳಿದ ತಕ್ಷಣ ಕೌಂಟರ್‌ನಲ್ಲಿ ಟೋಕನ್ ಕೊಡ್ತಾರೆ. ದೋಸೆ ಇನ್ನೂ ಕಾವಲಿಗೆ ಬಿದ್ದಿರೋದಿಲ್ಲ. ಇಲ್ಲೂ ಅಷ್ಟೇ. ನಾವು ಬರೆದದ್ದು ಮೊದಲು ಮೆಮೊರಿಯಲ್ಲಿ, ಅಂದ್ರೆ ರ‍್ಯಾಮ್‌ನಲ್ಲಿ, ಕೂರುತ್ತೆ. ಡಿಸ್ಕ್‌ಗೆ ಇನ್ನೂ ಹೋಗದ ಇಂಥ ತುಣುಕುಗಳಿಗೆ 'ಡರ್ಟಿ ಪೇಜ್' ಅಂತ ಹೆಸರು. ರ‍್ಯಾಮ್ ವೇಗ, ಡಿಸ್ಕ್ ನಿಧಾನ. ಅದಕ್ಕೇ ಈ ಸಾಲದ ವ್ಯವಸ್ಥೆ.

ಸಾಲ ತೀರಿಸೋದು ಯಾವಾಗ? ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ 5 ಸೆಕೆಂಡಿಗೊಮ್ಮೆ ಹಿನ್ನೆಲೆಯ ಕೆಲಸಗಾರ ಎದ್ದು ನೋಡ್ತಾನೆ. 30 ಸೆಕೆಂಡ್ ಹಳೆಯದಾದದ್ದನ್ನು ಡಿಸ್ಕ್‌ಗೆ ಬರೀತಾನೆ. ಬಳಸಬಹುದಾದ ಮೆಮೊರಿಯ 10% ದಾಟಿದರೆ ಕಾಯದೆ ಶುರು ಮಾಡ್ತಾನೆ. ಸಾಲ 20%ನ ಹತ್ತಿರ ಬಂದರೆ, ಬರೆಯುತ್ತಿರುವ ಆ್ಯಪನ್ನೇ ತಡೆದು ನಿಲ್ಲಿಸ್ತಾರೆ.

ಈಗ ಅಸಲಿ ತೊಂದರೆ. ಐವತ್ತು ದೋಸೆ ಒಟ್ಟಿಗೆ ಕಾವಲಿ ಮೇಲೆ ಬಿದ್ದಾಗ, ಒಂದೇ ಒಂದು ದೋಸೆಗೆ ಬಂದವನ ಗತಿ ಏನು? ದೊಡ್ಡ ಫೈಲ್ ಬರೆಯುವಾಗ ಬ್ರೌಸರ್ ಓಪನ್ ಮಾಡಿದ್ರೆ ಒದ್ದಾಡೋದು ಇದಕ್ಕೇ. ಓದುವ ಕೆಲಸಕ್ಕೆ ಎದುರಿಗೆ ಒಬ್ಬ ಮನುಷ್ಯ ಕಾಯ್ತಿರ್ತಾನೆ. ಹಿನ್ನೆಲೆಯ ಬರವಣಿಗೆಗೆ ಸಾಮಾನ್ಯವಾಗಿ ಯಾರೂ ಕಾಯ್ತಿರೋದಿಲ್ಲ. ಆದ್ರೆ ಡಿಸ್ಕ್‌ನ ಕ್ಯೂಗೆ ಆ ವ್ಯತ್ಯಾಸ ಎಲ್ಲಿ ಗೊತ್ತು?

2017ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 4.10ರಲ್ಲಿ ಇದಕ್ಕೊಂದು ಮದ್ದು ಸೇರಿತು. ಬರೆದವರು ಯೆನ್ಸ್ ಆಕ್ಸ್‌ಬೋ. ಓದುವ ಕೆಲಸಕ್ಕೆ ಎಷ್ಟು ಹೊತ್ತು ಹಿಡೀತಿದೆ ಅಂತ ಅದು ಅಳೀತಾ ಇರುತ್ತೆ. ತಡವಾದ್ರೆ, ಹಿನ್ನೆಲೆಯ ಬರವಣಿಗೆಯನ್ನು ಒಂದೇ ಸಲ ಡಿಸ್ಕ್‌ಗೆ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತೆ. ಐವತ್ತು ದೋಸೆ ಇದ್ರೂ ಒಂದು ಸಲಕ್ಕೆ ನಾಲ್ಕೇ ಹುಯ್ದು, ನಡುವೆ ನಿಮ್ಮ ಒಂದು ದೋಸೆಗೆ ಜಾಗ ಇಟ್ಟ ಹಾಗೆ. ಅದೇ ವರ್ಷ 4.12ರಲ್ಲಿ ಬಂದ ಬಿಎಫ್‌ಕ್ಯೂ ಅನ್ನೋ ಶೆಡ್ಯೂಲರ್, ಪ್ರತಿ ಪ್ರೋಗ್ರಾಂಗೂ ಇಂತಿಷ್ಟೇ ಪಾಲು ಅಂತ ಹಂಚುತ್ತೆ.

ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋದೂ ಲಿನಕ್ಸ್ ಕರ್ನಲ್ಲೇ. ಹಾಗಾದ್ರೆ ಚಾರ್ಜ್ ಮುಗಿದು ಫೋನ್ ಆಫ್ ಆದ್ರೆ ಮೆಸೇಜ್‌ಗಳೂ ಹೋಗಬೇಕಲ್ವಾ? ಅದಕ್ಕೆ 'ಎಫ್‌ಸಿಂಕ್' ಅನ್ನೋ ಆಜ್ಞೆ ಇದೆ. "ಟೋಕನ್ ಬೇಡ, ದೋಸೆ ಕೈಗೆ ಬರೋವರೆಗೂ ಇಲ್ಲೇ ನಿಂತಿರ್ತೀನಿ" ಅಂದ ಹಾಗೆ. ಮುಖ್ಯವಾದ ಡೇಟಾ ಉಳಿಸುವ ಆ್ಯಪ್‌ಗಳು ಇದನ್ನು ಬಳಸ್ತವೆ. ಡೇಟಾ ಉಳಿಯುತ್ತೆ, ಆದ್ರೆ ಕಾಯಬೇಕು. ವೇಗ, ಭದ್ರತೆ ಎರಡೂ ಪುಕ್ಕಟೆ ಸಿಗೋದಿಲ್ಲ.

ಅದಕ್ಕೇ ಹೇಳೋದು, ಪೆನ್‌ಡ್ರೈವ್ ಕೀಳೋ ಮುಂಚೆ 'ಎಜೆಕ್ಟ್' ಒತ್ತಿ, ಈಗ ತೆಗೀಬಹುದು ಅನ್ನೋವರೆಗೂ ಕಾಯಿರಿ. ಕಾಪಿಯಾದದ್ದನ್ನು ಒಮ್ಮೆ ತೆರೆದು ನೋಡದೆ ಮೂಲ ಫೈಲ್ ಅಳಿಸಬೇಡಿ.

ಮೊನ್ನೆ ಅಜ್ಜಿಯನ್ನು ಕೂರಿಸಿಕೊಂಡು ಮತ್ತೆ ಹಾಡಿಸಿದೆ. ನಡುವೆ ಎರಡು ನುಡಿ ಮರೆತುಹೋಗಿದೆ. ಉಳಿದದ್ದು ಈಗ ಎರಡು ಕಡೆ ಇದೆ.