ಪಂಪಿನ ಸದ್ದಿಗೆ ಕಿವಿಗೊಡುವವರು

ಈಜುಕೊಳದ ಪಂಪು ಗದ್ದಲ ಮಾಡತೊಡಗಿದರೆ ಪಳಗಿದ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರಿಗೆ ಕೈ ಹಾಕುವುದಿಲ್ಲ. ಪಕ್ಕದಲ್ಲಿ ನಿಂತು ಕೇಳುತ್ತಾರೆ. ನೀರಿನ ತೊಂದರೆಗೆ ಒಂದು ಸದ್ದು, ಗಾಳಿಗೆ ಇನ್ನೊಂದು, ಲೋಹಕ್ಕೆ ಮತ್ತೊಂದು. ಇವನ್ನು ಬಿಡಿಸಿ ಕೇಳುವುದೇ ಈ ಕಸುಬಿನ ಜೀವಾಳ.

ಡಬ್ಬಿಯಲ್ಲಿ ಜಲ್ಲಿ ಕುಲುಕಿದಂಥ ಸದ್ದು ಬಂದರೆ ಪಂಪಿಗೆ ನೀರು ಸಾಲುತ್ತಿಲ್ಲ. ಕೊಳದಿಂದ ಬರುವ ದಾರಿ ಎಲ್ಲೋ ಕಟ್ಟಿಕೊಂಡಿದೆ, ಪಂಪು ಮಾತ್ರ ಎಳೆಯುತ್ತಲೇ ಇದೆ. ಆಗ ಪಂಪಿನೊಳಗೆ ತಿರುಗುವ ಇಂಪೆಲ್ಲರಿನ ಬಾಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದರೆ ತಣ್ಣೀರೇ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿರುವಲ್ಲಿಗೆ ಸಾಗಿದೊಡನೆ ಅವು ಪಟಪಟನೆ ಕುಸಿಯುತ್ತವೆ. ಆ ಏಟಿಗೆ ಲೋಹದಲ್ಲೂ ಕುಳಿ ಬೀಳುತ್ತದೆ. ಹಡಗಿನ ಪ್ರೊಪೆಲ್ಲರುಗಳನ್ನು ಸವೆಸುವುದೂ ಇದೇ. ಗುಳ್ಳೆ ಕುಸಿಯುವ ಗಣಿತವನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿ ಪ್ರಕಟಿಸಿದರು. ಈ ತೊಂದರೆಗೆ ಊರಿನ ಎತ್ತರವೂ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನೀರನ್ನು ಪಂಪಿನತ್ತ ತಳ್ಳುವ ವಾಯುಭಾರ ಇಲ್ಲಿ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಹಾಗಾಗಿ ಕೊಳಕ್ಕಿಂತ ಎತ್ತರದಲ್ಲಿ ಕೂರಿಸಿದ ಪಂಪು ಇಲ್ಲಿ ಬೇಗ ಗೊಣಗುತ್ತದೆ.

ಡೆಲಿವರಿ ವಾಲ್ವನ್ನು ತುಸು ಮುಚ್ಚಿ ಹರಿವು ತಗ್ಗಿಸಿದಾಗ ಜಲ್ಲಿಯ ಸದ್ದು ಅಡಗಿದರೆ, ಕೊರತೆ ಎಳೆಯುವ ಕಡೆಯದು. ಸ್ಟ್ರೈನರ್ ಬುಟ್ಟಿ ತೆಗೆದರೆ ಎಲೆ, ಕೂದಲು. ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ಸದ್ದು ಗುಳುಗುಳು ಎನ್ನುತ್ತಾ, ಸ್ಟ್ರೈನರಿನ ಪಾರದರ್ಶಕ ಮುಚ್ಚಳದಡಿ ಗುಳ್ಳೆ ಕುಣಿಯುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ. ಕೊಳದ ನೀರು ಮೇಲ್ಪದರದ ನೀರೆಳೆಯುವ ಸ್ಕಿಮ್ಮರಿನ ಬಾಯಿಗಿಂತ ಕೆಳಗಿಳಿದಿಲ್ಲವೆಂದು ಖಾತ್ರಿಯಾದ ಮೇಲೆ, ಮೋಟರಿಗೆ ಹನಿ ತಾಗದಂತೆ ಸಕ್ಷನ್ ಜಾಯಿಂಟುಗಳ ಮೇಲೆ ಒಂದೊಂದಾಗಿ ನೀರು ಸುರಿಯುತ್ತಾ ಹೋಗುತ್ತಾರೆ. ಎಲ್ಲಿ ಸುರಿದಾಗ ಗುಳ್ಳೆ ನಿಲ್ಲುತ್ತದೋ ಅಲ್ಲೇ ಬಿರುಕು. ಎಷ್ಟು ಸರಳ, ಎಷ್ಟು ಚೆಂದದ ಪರೀಕ್ಷೆ! ಹೆಚ್ಚಾಗಿ ಸಿಕ್ಕಿಬೀಳುವುದು ಮುಚ್ಚಳದ ಒಣಗಿದ ಓ-ರಿಂಗ್.

ಕೀರಲು ಸದ್ದಾದರೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಒತ್ತಿ, ಹಿಡಿಗೆ ಕಿವಿ ಆನಿಸುತ್ತಾರೆ. ಆಮೇಲೆ ಸ್ವಿಚ್ ಆರಿಸುತ್ತಾರೆ. ಆ ಕ್ಷಣವೇ ನಿಂತ ಗುಂಯ್‌ಗುಟ್ಟುವಿಕೆ ವಿದ್ಯುತ್ತಿನದು. ಶಾಫ್ಟ್ ನಿಲ್ಲುವ ತನಕ ಇಳಿಯುತ್ತಾ ಬರುವ ಕೀರಲು ಬೇರಿಂಗಿನದು. ಬೇರಿಂಗ್ ಬದಲಿಸಿ ಕೈ ತೊಳೆದುಕೊಳ್ಳುವವರು ಬಹಳ. ಬಲ್ಲವರು ಜೊತೆಗೆ ಶಾಫ್ಟಿನ ಸೀಲನ್ನೂ ಹೊಸದು ಹಾಕುತ್ತಾರೆ. ಅನೇಕ ಸಲ ಹಳೆಯ ಸೀಲಿನಿಂದ ಸೋರಿದ ಕ್ಲೋರಿನ್ ನೀರೇ ಆ ಬೇರಿಂಗನ್ನು ತಿಂದಿರುತ್ತದೆ.