ಕಬಡ್ಡಿಯ ಸರಪಳಿ: ರಕ್ಷಣೆಯನ್ನು ಕಲಿಸುವ ಬಗೆ

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯೆಂದೊಡನೆ ರಾಯಣ್ಣನೂ ಅವನ ಹೆಸರಿನೊಡನೆ ಜನರ ಬಾಯಲ್ಲಿ ಉಳಿದುಬಂದಿರುವ ಗರಡಿಯೂ ನೆನಪಿಗೆ ಬರುವುದು ಸಹಜ. ಗರಡಿಯಲ್ಲಿ ಪೈಲವಾನನು ಒಬ್ಬನೇ ಗೆಲ್ಲುತ್ತಾನೆ, ಒಬ್ಬನೇ ಸೋಲುತ್ತಾನೆ. ಈ ಸಂಸ್ಕಾರವನ್ನು ಹೊತ್ತು ಕಬಡ್ಡಿಯ ಅಂಕಣಕ್ಕೆ ಬರುವ ನಮ್ಮ ಕಡೆಯ ಹುಡುಗರು ದಾಳಿಯನ್ನು ಬೇಗ ಕಲಿಯುತ್ತಾರೆ. ಕೈಗೆ ಕೈ ಕೂಡಿಸಿದ ಸರಪಳಿಯ ರಕ್ಷಣೆಯನ್ನು ಮಾತ್ರ ಬಹು ತಡವಾಗಿ ಕಲಿಯುತ್ತಾರೆ. ಅದೇಕೆಂಬುದನ್ನು ಇಲ್ಲಿ ವಿವೇಚಿಸಬಯಸುತ್ತೇನೆ.

ಮಹಾರಾಷ್ಟ್ರದಲ್ಲಿ ಹುತುತು ಎಂಬ ಹೆಸರೂ ಇದ್ದ ಈ ಆಟವನ್ನು ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳವು 1936ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿಸಿತು. 1950ರಲ್ಲಿ ಅಖಿಲ ಭಾರತ ಒಕ್ಕೂಟವು ಹುಟ್ಟಿತು. 1990ರಲ್ಲಿ ಏಷ್ಯನ್ ಕ್ರೀಡೆಗಳಲ್ಲಿ ಪದಕದ ಆಟವಾಯಿತು. ಇಷ್ಟು ಎಲ್ಲರಿಗೂ ತಿಳಿದುದೇ. ಆದರೆ ನಿಯಮಗಳು ಖಚಿತವಾದಂತೆ ರಕ್ಷಣೆಯ ಸ್ವರೂಪವೂ ರೂಪುಗೊಂಡಿತೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಅಂಕಣದಲ್ಲಿ ಆರು ಅಥವಾ ಏಳು ಮಂದಿ ರಕ್ಷಕರಿದ್ದಾಗ ದಾಳಿಗಾರನು ಬೋನಸ್ ಗೆರೆಯನ್ನು ಕ್ರಮದಂತೆ ದಾಟಿದರೆ ಅವನಿಗೊಂದು ಅಂಕ ದೊರೆಯುತ್ತದೆ. ಆದುದರಿಂದ ಮೂಲೆಯ ಆಟಗಾರನು ಅವನ ಕಾಲನ್ನು ಕಾಯಲೇಬೇಕು. ಅವನು ಕಣಕಾಲಿಗೆ ಕೈ ಹಾಕಿದೊಡನೆ ಪಕ್ಕದವರು ದಾಳಿಗಾರನಿಗೂ ಮಧ್ಯರೇಖೆಗೂ ನಡುವೆ ಮುಚ್ಚಿಕೊಳ್ಳಬೇಕು. ಒಬ್ಬನು ಅವಸರಪಟ್ಟು ಮೊದಲೇ ಹಾರಿದರೆ ಜೊತೆಗಾರನ ತೂಕ ತಪ್ಪುತ್ತದೆ, ಕಂಡಿ ತೆರೆಯುತ್ತದೆ. ಮುಟ್ಟಿಸಿಕೊಂಡವರೆಲ್ಲ ಹೊರಗೆ ಹೋಗುತ್ತಾರೆ.

ಅಮೆರಿಕನ್ ಫುಟ್‌ಬಾಲಿನಲ್ಲಿ ಇದಕ್ಕೆ ಹತ್ತಿರದ ಒಂದು ಸಂದರ್ಭವಿದೆ. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವ ‘ಪಂಟ್’ನಲ್ಲಿ ಒದೆಯುವವನು ಸುಮಾರು ಹದಿನೈದು ಗಜ ಹಿಂದೆ ನಿಲ್ಲುತ್ತಾನೆ. ಚೆಂಡು ಅವನ ಕೈ ಸೇರಿ ಕಾಲಿನಿಂದ ಹಾರುವವರೆಗಿನ ಸುಮಾರು ಎರಡು ಸೆಕೆಂಡುಗಳ ಕಾಲ ಉಳಿದವರು ಅವನನ್ನು ಕಾಯಬೇಕು. ಆಮೇಲೆ ಚೆಂಡಿನ ಬೆನ್ನು ಹತ್ತಿ ಓಡಬೇಕು. ಓಡುವ ಆತುರದಲ್ಲಿ ಕಾಯುವುದನ್ನು ಮರೆತರೆ ಒದೆತವೇ ತಡೆಯಲ್ಪಡುತ್ತದೆ. ಆದುದರಿಂದ ಅಲ್ಲಿನ ಶಿಕ್ಷಕರು ಎದುರಾಳಿಯ ಮೇಲೆ ನುಗ್ಗುವುದನ್ನಲ್ಲ, ಹಿಂದೆ ಸರಿಯುತ್ತ ಒಳಗಿನ ಕಂಡಿಯನ್ನು ಮೊದಲು ಮುಚ್ಚುವುದನ್ನು ಕಲಿಸುತ್ತಾರೆ. ಒದೆಯುವವನತ್ತ ಹತ್ತಿರದ ದಾರಿ ನಡುವಿನದೇ ಅಷ್ಟೆ. ಅಲ್ಲಿಯೂ ವ್ಯೂಹವನ್ನು ನಿಯಮವೇ ಕಟ್ಟುತ್ತದೆ. ವೃತ್ತಿಪರರ ಲೀಗಿನಲ್ಲಿ ಒದೆತಕ್ಕೆ ಮುಂಚೆ ಅಂಚಿನ ಇಬ್ಬರು ಮಾತ್ರ ಮುಂದಕ್ಕೆ ಓಡಬಹುದು. ಕಾಲೇಜುಗಳ ಆಟದಲ್ಲಿ ಆ ನಿರ್ಬಂಧವಿಲ್ಲದುದರಿಂದ ಮೂವರನ್ನು ಒದೆಯುವವನ ಮುಂದೆ ಗುರಾಣಿಯಂತೆ ನಿಲ್ಲಿಸುವ ಪದ್ಧತಿ ಬೆಳೆದಿದೆ.

ಎರಡು ಆಟಗಳಲ್ಲಿಯೂ ರಕ್ಷಕನು ಕಾಯುವುದು ವ್ಯಕ್ತಿಯನ್ನಲ್ಲ, ಒಂದು ಜಾಗವನ್ನು. ಇದನ್ನು ಹುಡುಗರಿಗೆ ಒಪ್ಪಿಸುವುದೇ ಕಷ್ಟ. ಊರ ಪಂದ್ಯಗಳಲ್ಲಿ ಸಿಳ್ಳೆ ಚಪ್ಪಾಳೆಗಳೆಲ್ಲ ಹಾರಿ ಹಿಡಿದವನಿಗೆ. ದಾರಿ ಕಟ್ಟಿ ನಿಂತವನನ್ನು ನೋಡುವವರಿಲ್ಲ. (ನಾವು ಅಧ್ಯಾಪಕರೂ ಚಪ್ಪಾಳೆ ತಟ್ಟಿದವರೇ.) ಕೆಲವು ವರ್ಷಗಳ ಹಿಂದೆ ನಾನು ನೋಡಿದ ಒಂದು ಪಂದ್ಯದಲ್ಲಿ ಜೊತೆಗಾರನು ಕೈ ಬಿಟ್ಟು ಹಾರಿದುದರಿಂದ, ಕಣಕಾಲು ಹಿಡಿದಿದ್ದ ಹುಡುಗನೊಬ್ಬನು ದಾಳಿಗಾರನ ಇಡೀ ಭಾರವನ್ನು ಮೊಣಕಾಲಿನ ಮೇಲೆ ಹೊರಬೇಕಾಯಿತು. ಅವನು ಮತ್ತೆ ಆಡಲಿಲ್ಲ. ಅಂದು ಅಂಕ ಹೋದುದಕ್ಕೆ ಎಲ್ಲರೂ ಅವನನ್ನೇ ಬೈದರು.

ಕರ್ನಾಟಕದ ಬಿ. ಸಿ. ರಮೇಶ್ ಅವರ ತರಬೇತಿಯಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲಿಯೂ ಪುಣೇರಿ ಪಲ್ಟನ್ 2024ರಲ್ಲಿಯೂ ಪ್ರೊ ಕಬಡ್ಡಿಯನ್ನು ಗೆದ್ದುದನ್ನು ನೋಡಿದವರು, ಶಿಕ್ಷಣದಿಂದ ಏನಾಗುತ್ತದೆಂದು ಕೇಳಲಾರರು. ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಹಣ ಬೇಕಾಗಿಲ್ಲ. ಮೊದಲ ಕೆಲವು ವಾರ ದಾಳಿಗಾರನು ನಡೆದೇ ಬರಲಿ, ಯಾರೂ ಹಿಡಿಯದಿರಲಿ, ಜೋಡಿಗಳು ಕೈ ಬಿಡದೆ ಅವನೊಡನೆ ಸರಿಯುತ್ತಿರಲಿ. ಶಿಕ್ಷಕನು ಕೈ ಬಿಟ್ಟ ಸಲಗಳನ್ನು ಮಾತ್ರ ಎಣಿಸಲಿ. ಆ ಎಣಿಕೆ ಇಳಿದ ಮೇಲೆ ಹಿಡಿತವನ್ನು ಆರಂಭಿಸಬಹುದು.